ಮುಂಬೈಗೆ ಮನೆ ಎತ್ತುವ ಮುಂಚೆ

ಶಾಲೆಗಳ ಪರೀಕ್ಷೆ ಮುಗಿದು ವರ್ಗಾವಣೆಯ ಆದೇಶಗಳು ಕೈಸೇರುವ ಹೊತ್ತಿಗೆ ಈ ಅಂಕಣಕ್ಕೆ ಒಂದೇ ನಮೂನೆಯ ಪತ್ರಗಳು ಬರುತ್ತವೆ: "ಊರು ಬಿಡುತ್ತಿದ್ದೇವೆ, ಏನು ಮಾಡಲಿ?" ಈ ಸಲ ಬಂದವುಗಳಲ್ಲಿ ಮುಂಬೈಯವೇ ಹೆಚ್ಚು. ನಾನು ಗದಗಿನವಳು. ಬ್ಯಾಂಕಿನ ನೌಕರಿ ನನ್ನನ್ನು ಮುಂಬೈಗೆ ತಂದಿತು, ನಿವೃತ್ತಿಯಾದ ಮೇಲೂ ಡೊಂಬಿವಲಿ ಬಿಡಲು ಮನಸ್ಸಾಗಲಿಲ್ಲ. ಆದ್ದರಿಂದ ಸಂಪಾದಕರು ಅವನ್ನೆಲ್ಲ ಒಂದೇ ಕಂತೆ ಕಟ್ಟಿ ನನಗೆ ಕಳಿಸಿದ್ದಾರೆ. ಹೈದರಾಬಾದು, ಪುಣೆಯ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ತಡೆದುಕೊಳ್ಳಿ.

ಅಕ್ಕಾ, ನಮ್ಮವರಿಗೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಆಫೀಸಿಗೆ ವರ್ಗವಾಗಿದೆ. ಅಲ್ಲೇ ಹತ್ತಿರ ಎರಡು ಬೆಡ್‌ರೂಮಿನ ಮನೆ ಕೇಳಿದರೆ ಬಾಡಿಗೆ ನಮ್ಮ ಸಂಬಳವನ್ನೇ ನುಂಗುವಂತಿದೆ. ಆಫೀಸಿನಲ್ಲಿ ಒಬ್ಬರು ಮೀರಾ ರೋಡ್ ಅನ್ನುತ್ತಾರೆ, ಇನ್ನೊಬ್ಬರು ಡೊಂಬಿವಲಿ, ಮತ್ತೊಬ್ಬರು ಖಾರ್‌ಘರ್. ನಕಾಶೆಯಲ್ಲಿ ನೋಡಿದರೆ ಎಲ್ಲವೂ ದೂರವೇ. ಮಗಳು ಐದನೇ ತರಗತಿ ಮುಗಿಸಿದ್ದಾಳೆ. ನನಗೆ ಸದ್ಯ ನೌಕರಿ ಇಲ್ಲ.
– ಓದುಗಿ, ದಾವಣಗೆರೆ

ತಂಗಿ, ನಕಾಶೆ ಮಡಚಿಡು. ಇಲ್ಲಿ ಕಿಲೋಮೀಟರು ಲೆಕ್ಕಕ್ಕಿಲ್ಲ, ರೈಲಿನ ಲೈನು ಲೆಕ್ಕಕ್ಕೆ. ಮೀರಾ ರೋಡ್ ಇರುವುದು ವೆಸ್ಟರ್ನ್ ಲೈನಿನಲ್ಲಿ, ಅಲ್ಲಿಂದ ಬಾಂದ್ರಾಕ್ಕೆ ಬರಬೇಕು. ಡೊಂಬಿವಲಿ ಸೆಂಟ್ರಲ್ ಲೈನು, ಖಾರ್‌ಘರ್ ಹಾರ್ಬರ್ ಲೈನು. ಇವೆರಡರಿಂದಲೂ ಇಳಿಯುವುದು ಕುರ್ಲಾದಲ್ಲಿ. ಬಾಂದ್ರಾದಲ್ಲಿ ಇಳಿಯಲಿ, ಕುರ್ಲಾದಲ್ಲಿ ಇಳಿಯಲಿ, ಆಫೀಸಿನ ಬಾಗಿಲಿಗೆ ಬಸ್ಸೋ ಶೇರ್ ಆಟೊವೋ ಹಿಡಿಯಲೇಬೇಕು. ಬೆಳಿಗ್ಗೆ ಒಂಬತ್ತೂವರೆಗೆ ಕುರ್ಲಾ ಪಶ್ಚಿಮದ ಆಟೊ ಸಾಲನ್ನು ನಿಮ್ಮವರು ಒಮ್ಮೆ ಕಣ್ಣಾರೆ ನೋಡಲಿ. ಈಗ ನೆಲದಡಿಯ ಮೂರನೇ ಮೆಟ್ರೊಗೆ ಕಾಂಪ್ಲೆಕ್ಸಿನಲ್ಲೇ ಸ್ಟೇಷನ್ ಆಗಿದೆ. ಅಂಧೇರಿ, ಮರೋಳ ಕಡೆ ಮನೆ ಸಿಕ್ಕವರಿಗೆ ಅದು ವರ, ಆದರೆ ಅಲ್ಲಿನ ಬಾಡಿಗೆ ನಿನಗೆ ಮತ್ತೆ ಎದೆನೋವು ತಂದೀತು. ಒಂದು ಮಾತು ನೆನಪಿಡು: ಗಾಡಿ ಬದಲಿಸುವುದು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಒಂದೇ ಗಾಡಿಯಲ್ಲಿ ಮುಕ್ಕಾಲು ಗಂಟೆ ಕೂತೋ ನಿಂತೋ ಬರಬಹುದು. ಅದೇ ಮುಕ್ಕಾಲು ಗಂಟೆಯಲ್ಲಿ ಎರಡು ಸಲ ಸೇತುವೆ ಹತ್ತಿಳಿದು ಗಾಡಿ ಬದಲಿಸಿದರೆ ಮನುಷ್ಯ ಸಂಜೆ ಮನೆಗೆ ಬಂದಾಗ ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ.

ಇಷ್ಟು ನಿನ್ನ ಗಂಡನ ಪಾಲಿನ ಮುಂಬೈ. ನಿನ್ನ ಪತ್ರದಲ್ಲಿ ನಿನ್ನ ಪಾಲಿನದು ಎಲ್ಲೂ ಕಾಣಲಿಲ್ಲ. ವರ್ಗವಾಗಿ ಬರುವ ಮನೆಗಳಲ್ಲಿ ನಾನು ನೋಡಿರುವುದು ಇದನ್ನೇ. ಆಫೀಸಿಗೆ ಹೋಗುವವರ ಅನುಕೂಲ ನೋಡಿ ಮನೆ ಹಿಡಿಯುತ್ತಾರೆ, ಆದರೆ ಅವರು ಆ ಬಡಾವಣೆಯನ್ನು ನೋಡುವುದು ಕತ್ತಲಲ್ಲಿ ಮತ್ತು ಭಾನುವಾರ ಮಾತ್ರ. ಇಡೀ ದಿನ ಅಲ್ಲಿರುವವಳು ನೀನು. ತರಕಾರಿ ಎಲ್ಲಿ, ಡಾಕ್ಟರು ಎಲ್ಲಿ, ಶಾಲೆಯ ಬಸ್ಸು ಎಲ್ಲಿ ನಿಲ್ಲುತ್ತದೆ, ಮಧ್ಯಾಹ್ನ ಮಗಳಿಗೆ ಜ್ವರ ಬಂದರೆ ಯಾರ ಬಾಗಿಲು ತಟ್ಟಬಹುದು ಎಂಬುದೆಲ್ಲ ನಿನ್ನ ತಲೆಗೆ ಬರುವ ಪ್ರಶ್ನೆಗಳು. ಆದ್ದರಿಂದ ಮನೆ ನೋಡಲು ನೀನೂ ಬಾ. ನಿಮ್ಮವರು ಮೊದಲು ಬಂದು ಒಂದೆರಡು ತಿಂಗಳು ಪೇಯಿಂಗ್ ಗೆಸ್ಟ್ ಆಗಿರಲಿ, ಹೇಗೂ ಮಗಳ ಶಾಲೆ ಶುರುವಾಗುವುದು ಜೂನ್ ಮಧ್ಯದಲ್ಲಿ.

ಮನೆ ನೋಡಲು ಹೋದಾಗ ಮೊದಲು ಕೇಳಬೇಕಾದ್ದು "ಈಸ್ಟಾ, ವೆಸ್ಟಾ?" ಎಂದು. ರೈಲು ಹಳಿ ಪ್ರತಿ ಉಪನಗರವನ್ನೂ ಎರಡು ಹೋಳು ಮಾಡಿದೆ. ಮನೆ ಪೂರ್ವದಲ್ಲಿದ್ದು ಶಾಲೆ ಪಶ್ಚಿಮದಲ್ಲಿದ್ದರೆ ದಿನವೂ ಪಾದಚಾರಿ ಸೇತುವೆ ಹತ್ತಬೇಕು, ಇಲ್ಲವೇ ಆಟೊ ಮಾಡಿಕೊಂಡು ಸುತ್ತು ಬಳಸಬೇಕು. "ಸ್ಟೇಷನ್ನಿಂದ ಐದೇ ನಿಮಿಷ" ಅನ್ನುವುದು ದಲಾಲರ ಕುಲದೈವದ ಮಂತ್ರ. ಆ ಐದು ನಿಮಿಷವನ್ನು ಸಂಜೆ ಏಳು ಗಂಟೆಗೆ ಕೈಯಲ್ಲಿ ತರಕಾರಿ ಚೀಲ ಹಿಡಿದು ನಡೆದು ನೋಡು. ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಮನೆ ಮಾಲೀಕರನ್ನಲ್ಲ, ವಾಚ್‌ಮನ್‌ನನ್ನು ಕೇಳು. ಠಾಣೆಯ ಘೋಡಬಂದರ್ ರಸ್ತೆಯ ಕಡೆ ದೊಡ್ಡ ದೊಡ್ಡ ಕಟ್ಟಡಗಳೂ ಟ್ಯಾಂಕರಿನ ದಾರಿ ಕಾಯುವುದುಂಟು.

ಡೊಂಬಿವಲಿಯ ಬಗ್ಗೆ ನನಗೆ ಪಕ್ಷಪಾತ ಇದೆ, ಅದನ್ನು ಕಳೆದು ಓದಿಕೋ. ಹುಬ್ಬಳ್ಳಿಯಿಂದ ದಾದರಿಗೆ ಬರುವ ಗಾಡಿ ಕಲ್ಯಾಣದಲ್ಲಿ ನಿಲ್ಲುತ್ತದೆ. ಕಲ್ಯಾಣಕ್ಕೂ ನಮಗೂ ನಡುವೆ ಠಾಕುರ್ಲಿ ಒಂದೇ ಸ್ಟೇಷನ್. ಊರಿಂದ ಹಪ್ಪಳ, ಚಟ್ನಿಪುಡಿ, ಅತ್ತೆ ಮಾವ ಎಲ್ಲ ಸಲೀಸಾಗಿ ಬಂದಿಳಿಯುತ್ತವೆ.

ಮತ್ತೆ ಮಗಳ ವಿಷಯ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಿಂದಾಗಿ ಎಲ್ಲ ಬೋರ್ಡಿನ ಶಾಲೆಗಳಲ್ಲೂ ಮರಾಠಿ ಕಲಿಸುವುದು ಕಡ್ಡಾಯ. ಆರನೇ ತರಗತಿಗೆ ಬರುವ ಮಗುವಿಗೆ ಇದು ಬೆಟ್ಟವೇನಲ್ಲ. ಹಿಂದಿ ಕಲಿತಿದ್ದರೆ ಲಿಪಿ ಗೊತ್ತೇ ಇರುತ್ತದೆ. ಕಷ್ಟ ಬರುವುದು ವ್ಯಾಕರಣದಲ್ಲಿ, ಅದೂ ಲಿಂಗದಲ್ಲಿ. ನಮಗೆ ಕುರ್ಚಿ ಮೇಜುಗಳೆಲ್ಲ "ಅದು". ಮರಾಠಿಯಲ್ಲಿ ಪ್ರತಿಯೊಂದಕ್ಕೂ ಗಂಡೋ ಹೆಣ್ಣೋ ನಪುಂಸಕವೋ ಎಂದು ನೆನಪಿಡಬೇಕು. ಮೊದಲ ವರ್ಷ ಅಂಕ ಕಡಿಮೆ ಬಂದರೆ ಬಯ್ಯಬೇಡ. ಕೆಳಗಿನ ಮೈದಾನದಲ್ಲಿ ಆಡಲು ಬಿಡು, ದೀಪಾವಳಿಯ ಹೊತ್ತಿಗೆ ಅವಳೇ ನಿನಗೆ ಬಾಯ್ತಿದ್ದುತ್ತಾಳೆ. ಕನ್ನಡ ಮಾಧ್ಯಮದ ಶಾಲೆಗಳು ಇಲ್ಲಿ ಒಂದು ಕಾಲಕ್ಕೆ ಬಹಳ ಇದ್ದವು, ಮಹಾನಗರಪಾಲಿಕೆಯೇ ನಡೆಸುತ್ತಿತ್ತು. ಈಗ ಮಕ್ಕಳು ಕಡಿಮೆಯಾಗಿ ಸೊರಗಿವೆ. ಕನ್ನಡ ಓದು ಬರಹವನ್ನು ಮನೆಯಲ್ಲಿ ನೀನೇ ಉಳಿಸಬೇಕು.

ಮೇಡಂ, ನಾನು ಬಳ್ಳಾರಿಯವನು, ಮದುವೆಯಾಗಿಲ್ಲ. ಬೆಂಗಳೂರಿನಲ್ಲಿ ಎರಡು ವರ್ಷ ಇದ್ದು ಈಗ ಮುಂಬೈಗೆ ಹೊರಟಿದ್ದೇನೆ. ದಲಾಲರು "ಲೀವ್ ಅಂಡ್ ಲೈಸೆನ್ಸ್ (ಬಾಡಿಗೆ ಕರಾರು) 11 ತಿಂಗಳಿಗೆ, ರಿಜಿಸ್ಟ್ರಿ ಬೇಕಿಲ್ಲ, ಬರೀ ನೋಟರಿ ಸಾಕು" ಅನ್ನುತ್ತಾರೆ. ಮೇಲೆ ಒಂದು ತಿಂಗಳ ಬಾಡಿಗೆ ದಲಾಲಿ. "ಬ್ಯಾಚುಲರ್‌ಗೆ ಕೊಡಲ್ಲ, ನಾನ್‌ವೆಜ್‌ಗೆ ಕೊಡಲ್ಲ" ಅನ್ನುವವರೂ ಸಿಕ್ಕರು. ಇದೆಲ್ಲ ಮಾಮೂಲಿಯೇ?

ತಮ್ಮಾ, ಮಾಮೂಲಿಯೇ, ಆದರೆ ಎಲ್ಲವೂ ಸರಿಯಲ್ಲ.

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿನ ಹಳೇ ಪದ್ಧತಿ ಕಂಡವನಿಗೆ ಇಲ್ಲಿಯ ಡಿಪಾಸಿಟ್ಟು ಅಷ್ಟೇನೂ ಭಾರ ಅನ್ನಿಸಲಾರದು. ಬಾಡಿಗೆ ಮಾತ್ರ ಅನ್ನಿಸುತ್ತದೆ. ಒಂದು ತಿಂಗಳ ದಲಾಲಿ ರೂಢಿ. ಕೆಲವರು 11 ತಿಂಗಳಾದ ಮೇಲೆ ಕರಾರು ನವೀಕರಿಸುವಾಗಲೂ ಕೈ ಚಾಚುತ್ತಾರೆ. ಅದನ್ನು ಈಗಲೇ "ಕೊಡುವುದಿಲ್ಲ" ಎಂದು ಮಾತಾಡಿ ಮುಗಿಸು.

ನೋಟರಿ ಸಾಕು ಅನ್ನುವುದು ಸುಳ್ಳು. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಮಿನ ಪ್ರಕಾರ ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು. 11 ತಿಂಗಳು ಅಂದಮಾತ್ರಕ್ಕೆ ವಿನಾಯಿತಿ ಇಲ್ಲ. ನೋಂದಾಯಿಸುವ ಹೊಣೆ ಮಾಲೀಕನದು, ಮಾಡಿಸದಿದ್ದರೆ ಶಿಕ್ಷೆಯೂ ಅವನಿಗೇ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಮಾತು ಅದೇ ಕಲಮಿನಲ್ಲಿದೆ. ನೋಂದಾಯಿತ ಕರಾರು ಇಲ್ಲದೆ ಜಗಳವಾದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ, ಸುಳ್ಳೆಂದು ಸಾಬೀತಾಗುವ ತನಕ. ಇದನ್ನು ಮಾಲೀಕನಿಗೆ ನಯವಾಗಿ ತಿಳಿಸಿದರೆ ಅವನೇ ಮರುದಿನ ಏಜೆಂಟನನ್ನು ಕರೆಸುತ್ತಾನೆ. ಈಗ ಕಚೇರಿಗೆ ಅಲೆಯುವ ಕೆಲಸವೂ ಇಲ್ಲ. ಹೆಬ್ಬೆಟ್ಟಿನ ಯಂತ್ರ, ಕ್ಯಾಮೆರಾ ಹಿಡಿದು ಮನೆಗೇ ಬರುತ್ತಾರೆ, ಆಧಾರ್ ಒಂದಿದ್ದರೆ ಆಯಿತು. ನಗರ ಪ್ರದೇಶಕ್ಕೆ ನೋಂದಣಿ ಶುಲ್ಕ 1,000 ರೂಪಾಯಿ, ಸ್ಟಾಂಪ್ ಡ್ಯೂಟಿ ಬೇರೆ. ಈ ಖರ್ಚು ಯಾರದು ಎಂಬುದನ್ನೂ, ಬಣ್ಣ ಹೊಡೆಸುವ ಖರ್ಚು ಡಿಪಾಸಿಟ್ಟಿನಲ್ಲಿ ಮುರಿಯುತ್ತಾರೋ ಎಂಬುದನ್ನೂ ಸಹಿಗೆ ಮೊದಲು ಕೇಳು. ಸೊಸೈಟಿಯವರು, ಅಂದರೆ ಕಟ್ಟಡದ ಮನೆ ಮಾಲೀಕರ ಸಂಘದವರು, ಹಾಕುವ ನಾನ್ ಆಕ್ಯುಪೆನ್ಸಿ ಚಾರ್ಜು (ಮಾಲೀಕ ತಾನಿರದೆ ಮನೆ ಬಾಡಿಗೆಗೆ ಕೊಟ್ಟದ್ದಕ್ಕೆ ಶುಲ್ಕ) ಮಾಲೀಕನದು. ಅದು ಯಾವ ಹೆಸರಿನಲ್ಲೂ ನಿನ್ನ ತಲೆಗೆ ಬರದಂತೆ ಕರಾರಿನಲ್ಲಿ ಬರೆಸು. ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಕೊಟ್ಟದ್ದರ ಪ್ರತಿಯೂ ನಿನ್ನ ಹತ್ತಿರ ಇರಲಿ, ಸೊಸೈಟಿಯ ಸೆಕ್ರೆಟರಿ ಅದಿಲ್ಲದೆ ಸಾಮಾನು ಒಳಗೆ ಬಿಡುವುದಿಲ್ಲ.

ಬಾಡಿಗೆ ಹೇಳುವಾಗ "ಒನ್ ಆರ್‌ಕೆ" ಅಂದರೆ ಒಂದು ಕೋಣೆ, ಒಂದು ಅಡುಗೆಮನೆ, ಅಷ್ಟೇ. ಹಾಲ್ ಎಲ್ಲಿ ಎಂದು ಹುಡುಕಬೇಡ. ಚದರಡಿ ಹೇಳಿದರೆ ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ನೆಲದ ಅಳತೆ) ಎಷ್ಟು ಎಂದು ಮರುಪ್ರಶ್ನೆ ಹಾಕು. ಬಳ್ಳಾರಿಯ ಮನೆಯ ಪಡಸಾಲೆಯಷ್ಟು ಜಾಗದಲ್ಲಿ ಇಲ್ಲಿ ಸಂಸಾರಗಳು ನಡೆಯುತ್ತವೆ, ಚೆನ್ನಾಗಿಯೇ ನಡೆಯುತ್ತವೆ.

ಬ್ಯಾಚುಲರ್, ಮಾಂಸಾಹಾರಿ ಎಂದು ಬಾಗಿಲು ಮುಚ್ಚುವವರ ಬಗ್ಗೆ: ಇದು ನಾಚಿಕೆಗೇಡಿನ ಸಂಗತಿ, ಇದೆ, ಇನ್ನೂ ಬಹಳ ದಿನ ಇರುತ್ತದೆ. ಸುಳ್ಳು ಹೇಳಿ ಒಳಸೇರಿ ಕಿಟಕಿ ಮುಚ್ಚಿ ಮೀನು ಹುರಿಯುವ ಪಾಡು ಬೇಡ. ಇಡೀ ಕೊಂಕಣದ ಕರಾವಳಿ ಬೆನ್ನಿಗಿರುವ ಊರು ಇದು, ಮೀನಿನ ವಾಸನೆಗೆ ಮೂಗು ಮುರಿಯದ ಸೊಸೈಟಿಗಳೂ ಬೇಕಾದಷ್ಟಿವೆ.

ಲೇಡೀಸ್ ಡಬ್ಬಿಯಲ್ಲಿ ಹತ್ತುವುದು ಹೇಗೆ? ತಮಾಷೆಯ ಪ್ರಶ್ನೆಯಲ್ಲ ಅಕ್ಕಾ. ಮುಲುಂಡಿನಿಂದ ಮಸೀದಿ ಬಂದರಿಗೆ ದಿನಾ ಹೋಗಬೇಕು. ಮೊದಲ ವಾರವೇ ಎರಡು ಗಾಡಿ ಬಿಟ್ಟು ಮೂರನೆಯದಕ್ಕೆ ಹತ್ತುತ್ತಿದ್ದೇನೆ. ಆಫೀಸಿನಲ್ಲಿ ಬೈಗುಳ.
– ಶಿವಮೊಗ್ಗದಿಂದ ಬಂದವಳು

ನಿನ್ನ ಪತ್ರ ಓದಿ ನಕ್ಕೆ, ತಪ್ಪು ತಿಳಿಯಬೇಡ. ಮೊದಲನೆಯದಾಗಿ, ಮಸೀದಿಯಲ್ಲಿ ಫಾಸ್ಟ್ ಗಾಡಿ ನಿಲ್ಲುವುದಿಲ್ಲ. ನೀನು ಮುಲುಂಡಿನಲ್ಲಿ ಫಾಸ್ಟಿಗೆ ಮುಗಿಬೀಳುತ್ತಿದ್ದರೆ ಸುಮ್ಮನೆ ಹೋರಾಟ. ಠಾಣೆಯಿಂದಲೇ ಹೊರಡುವ ಸ್ಲೋ ಗಾಡಿ ಯಾವ ಹೊತ್ತಿಗಿದೆ ನೋಡಿಕೋ. ಠಾಣೆಯ ಮುಂದಿನ ಸ್ಟೇಷನ್ನೇ ಮುಲುಂಡ್, ಆದ್ದರಿಂದ ಅದು ತಕ್ಕಮಟ್ಟಿಗೆ ಖಾಲಿ ಬರುತ್ತದೆ.

ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಓದುವುದನ್ನು ಕಲಿ. ಗಾಡಿ ಎಲ್ಲಿಗೆ ಎಂಬುದಕ್ಕೆ ಅಕ್ಷರ ಇರುತ್ತದೆ, ಸ್ಲೋನೋ ಫಾಸ್ಟೋ ಎಂಬುದಕ್ಕೆ ಇನ್ನೊಂದು ಅಕ್ಷರ, 12 ಡಬ್ಬಿಯೋ 15 ಡಬ್ಬಿಯೋ ಎಂಬುದೂ ಇರುತ್ತದೆ. ಸಂಜೆ ಮರಳುವಾಗ "ಟಿ" ಅಂದರೆ ಠಾಣೆ. "ಎನ್" ಅಂದರೆ ಕಸಾರಾ, "ಎಸ್" ಅಂದರೆ ಕರ್ಜತ್. ಕಲ್ಯಾಣದ ಆಚೆ ದಾರಿ ಈಶಾನ್ಯಕ್ಕೊಂದು, ಆಗ್ನೇಯಕ್ಕೊಂದು ಕವಲೊಡೆಯುತ್ತದಲ್ಲ, ಅದರ ಗುರುತು. ಮುಲುಂಡಿನವಳು ಸಂಜೆ ಕರ್ಜತ್ ಫಾಸ್ಟಿಗೆ ಹತ್ತಿದರೆ ದೂರದವರು ನಿನ್ನನ್ನು ಬಾಗಿಲತ್ತ ಬರಲು ಬಿಡುವುದಿಲ್ಲ, ಬಯ್ಗುಳ ಬೇರೆ ತಿನ್ನಬೇಕು. ಅವರು ಹೇಳುವುದರಲ್ಲೂ ನ್ಯಾಯ ಇದೆ, ಅವರಿಗೆ ಅದೊಂದೇ ಗಾಡಿ.

ಒಳಗೆ ಸೇರಿದ ಮೇಲೆ ಕೂತವರನ್ನು ಕೇಳು: "ಕುಠೇ ಉತರಣಾರ್?" ಎಲ್ಲಿ ಇಳಿಯುತ್ತೀರಿ ಅಂತ. "ಘಾಟ್ಕೋಪರ್" ಅಂದರೆ ಆ ಸೀಟು ನಿನಗೆ. ನಿನಗಿಂತ ಮೊದಲು ಯಾರಾದರೂ ಕೇಳಿದ್ದರೆ ಅವರದು. ಯಾವ ಪುಸ್ತಕದಲ್ಲೂ ಬರೆದಿಲ್ಲದ ಈ ಕಾನೂನನ್ನು ಯಾರೂ ಮೀರುವುದಿಲ್ಲ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಅರ್ಧ ಕೂರುವುದಕ್ಕೆ ಅನುಮತಿ ಬೇಕಿಲ್ಲ, ಕೈಸನ್ನೆ ಸಾಕು. ಚೀಲವನ್ನು ಬೆನ್ನಿಗಲ್ಲ, ಎದೆಗೆ ಹಾಕಿಕೋ. ಸೀರೆ ಸೆರಗು, ದುಪಟ್ಟಾ ಒಳಗೆ ಸಿಕ್ಕಿಸಿಕೋ. ಓಡುವ ಗಾಡಿಗೆ ಮಾತ್ರ ಜಿಗಿಯಬೇಡ, ಬೈಗುಳ ತಿಂದರೂ ಚಿಂತೆಯಿಲ್ಲ. ಭಾನುವಾರ ಎಲ್ಲಿಗಾದರೂ ಹೋಗುವುದಿದ್ದರೆ ಮೆಗಾಬ್ಲಾಕ್ (ಹಳಿ ರಿಪೇರಿಗೆಂದು ಗಾಡಿ ನಿಲ್ಲಿಸುವುದು) ಎಲ್ಲಿದೆ ಎಂದು ನೋಡಿ ಹೊರಡು.

ಇನ್ನೊಂದು ತಿಂಗಳಲ್ಲಿ ನಿನಗೂ ಒಂದು ಗಾಡಿ, ಒಂದು ಡಬ್ಬಿ, ಒಂದು ಗುಂಪು ಆಗಿಬಿಡುತ್ತದೆ. ನಮ್ಮ ಗುಂಪಿನಲ್ಲಿ ಮಟರ್ ಸುಲಿಯುವವರಿದ್ದರು, ವಿಷ್ಣು ಸಹಸ್ರನಾಮ ಓದುವವರಿದ್ದರು, ಹೊಸ ಅಧಿಕಾರಿಯನ್ನು ಮನಸಾರೆ ಶಪಿಸುವವರೂ ಇದ್ದರು. ಮೂರನೆಯವರಲ್ಲಿ ನಾನೂ ಒಬ್ಬಳು.

ಅಕ್ಕಾರ, ನಮ್ಮ ಮಗ ಠಾಣೆದಾಗ ಫ್ಲಾಟ್ ತಗೊಂಡಾನ, ಹದಿನಾಲ್ಕನೇ ಮಾಳಿಗಿ. ನಮ್ಮ ಯಜಮಾನ್ರು ಹೋದ ವರ್ಷ ತೀರಿಕೊಂಡ್ರು. "ಒಬ್ಬಾಕಿನ ಹಾವೇರಿಯೊಳಗ ಯಾಕ ಇರತಿ, ಮನಿ ಮಾರಿ ಬಂದುಬಿಡು" ಅಂತಾನ. ನನಗ ಹಿಂದಿ ಬರಂಗಿಲ್ಲ, ಮರಾಠಿ ಮೊದಲ ಇಲ್ಲ. ವಯಸ್ಸು ಎಪ್ಪತ್ತೊಂದು. ಅಲ್ಲಿ ಹೆಂಗ ಇರತೈತಿ, ಖರೇ ಹೇಳ್ರಿ.

ಅಕ್ಕಾರ, ಶರಣು. ನೀವು ನಮ್ಮ ಮಾತಿನಾಗ ಬರದೀರಿ, ನಾನೂ ಹಂಗ ಬರಿತೀನಿ. ತಿದ್ದಬ್ಯಾಡ್ರಿ ಅಂತ ಸಂಪಾದಕರಿಗೆ ಹೇಳೀನಿ.

ಮನಿ ಮಾರಬ್ಯಾಡ್ರಿ. ಒಂದು ವರ್ಷ ಬೀಗ ಹಾಕಿ, ಕೀಲಿ ಬಾಜೂದವರ ಕೈಯಾಗ ಕೊಟ್ಟು ಬರ್ರಿ. ಮಗ ಒಳ್ಳೇವನ ಇರಬೇಕು, ಅದಕ್ಕ ಕರಿಯಾಕತ್ತಾನ. ಆದ್ರ ತಿರುಗಿ ಹೋಗಾಕ ನಂದೂ ಒಂದು ಜಾಗಾ ಐತಿ ಅನ್ನೂ ಧೈರ್ಯ ಇದ್ರ ಹೊಸ ಊರಾಗ ಮನಸ್ಸು ಲಗೂನ ಹೊಂದತೈತಿ. ಮಾರಿ ಬಂದವರು ಸಣ್ಣ ಮಾತಿಗೂ "ಎಲ್ಲಿಗೆ ಹೋಗ್ಲಿ" ಅಂತ ಕಣ್ಣೀರು ಹಾಕೂದು ಕಂಡೀನಿ. ದೀಪಾವಳಿಗೊಮ್ಮೆ, ಜಾತ್ರಿಗೊಮ್ಮೆ ಹಾವೇರಿಗೆ ಹೋಗಿಬರ್ರಿ.

ಖರೇ ಹೇಳಂದ್ರಿ, ಹೇಳತೀನಿ. ಮಗ ಸೊಸಿ ಮುಂಜಾನೆ ಎಂಟಕ್ಕ ಹೋದ್ರ ರಾತ್ರಿ ಎಂಟಕ್ಕ ಬರತಾರ. ಅವರು ಬಂದಾಗ ಮಾತಾಡಾಕ ಅವರಿಗೆ ಉಸುರು ಇರಂಗಿಲ್ಲ, ಅದನ್ನ ಸಿಟ್ಟು ಅಂತ ತಿಳಕೋಬ್ಯಾಡ್ರಿ. ಬಾಜೂದ ಮನಿ ಬಾಗಿಲಾ ಯಾವಾಗಲೂ ಮುಚ್ಚಿರತಾವು. ಹಾವೇರಿಯೊಳಗ ಕಟ್ಟಿಮ್ಯಾಲೆ ಕುಂತ್ರ ಊರ ನಿಮ್ಮನ್ನ ನೋಡಾಕ ಬರತೈತಿ, ಇಲ್ಲಿ ನೀವ ಕೆಳಗ ಇಳದು ಹೋಗಬೇಕು. ಮೊದಲನೇ ವಾರದಾಗ ಲಿಫ್ಟ್ ಒಬ್ಬರ ಹತ್ತಿ ಇಳಿಯೂದು ಕಲೀರಿ. ಸೊಸೈಟಿ ಹೆಸರು, ವಿಂಗ್ ಯಾವುದು, ಫ್ಲಾಟ್ ನಂಬರು, ಮಗನ ಫೋನು, ಇಷ್ಟು ಒಂದು ಚೀಟಿಯೊಳಗ ದೇವನಾಗರಿ ಅಕ್ಷರದಾಗ ಬರಸಿ ಉಡಿಯೊಳಗ ಇಟ್ಟುಕೊಳ್ರಿ. ಎ ವಿಂಗ್, ಬಿ ವಿಂಗ್, ಸಿ ವಿಂಗ್ ಎಲ್ಲಾ ಒಂದ ನಮೂನಿ ಇರತಾವು, ಕಲ್ತವರಿಗೂ ದಾರಿ ತಪ್ಪತೈತಿ.

ಸಂಜೀ ಮುಂದ ಬಗೀಚದಾಗ "ಜ್ಯೇಷ್ಠ ನಾಗರಿಕ ಕಟ್ಟಾ" ಅಂತ ಇರತೈತಿ, ವಯಸ್ಸಾದವರು ಕೂಡೂ ಜಾಗಾ. ಹೋಗಿ ಕುಂದರ್ರಿ. ಮೊದಲ ನಾಲ್ಕು ದಿನ ಬರೇ ನಗೂದು, ಆಮ್ಯಾಲೆ ಮೊಣಕಾಲು ನೋವು ತೋರಿಸೂದು, ಅಲ್ಲಿಂದ ಮಾತು ತಾನ ಬರತೈತಿ. ವಿಠ್ಠಲನ ಗುಡಿ ಎಲ್ಲಿ ಐತಿ ಕೇಳ್ರಿ. ಏಕಾದಶಿಗೆ ಭಜನಿ ಇರತೈತಿ, ತಾಳ ಹಾಕಾಕ ಮರಾಠಿ ಬೇಕಾಗಿಲ್ಲ. ಪಂಢರಪುರಕ್ಕ ನಮ್ಮ ಕಡಿಂದನೂ ಮಂದಿ ನಡಕೋತ ಹೋಗತಾರಲ್ರಿ, ಅವರಿಗೂ ಗೊತ್ತೈತಿ ಅದು.

ಊಟದ ಚಿಂತಿ ಬ್ಯಾಡ. ಜೋಳದ ಹಿಟ್ಟು ಇಲ್ಲಿ ಎಲ್ಲಾ ಗಿರಣ್ಯಾಗೂ ಸಿಗತೈತಿ, "ಜ್ವಾರಿ" ಅನ್ರಿ, ರೊಟ್ಟಿಗೆ "ಭಾಕರಿ" ಅನ್ರಿ. ರಾಗಿಗೆ "ನಾಚಣಿ", ಹುರಳಿಗೆ "ಕುಳೀಥ್", ಕೊತ್ತಂಬರಿಗೆ "ಕೋಥಿಂಬೀರ್". ಬಾಜಿ ಮಾರಾಕಿ ಜೋಡಿ ಜಗಳಾಡಾಕ ಇಷ್ಟು ಸಾಕು. ಆಕಿಯ ನಿಮಗ ಮರಾಠಿ ಕಲಸ್ತಾಳ. ಬ್ಯಾಡಗಿ ಮೆಣಸಿನಕಾಯಿ ಊರಿಂದ ತರ್ರಿ, ಹಾವೇರಿಯವರು ಮುಂಬೈಯಾಗ ಅದನ್ನ ಕೊಂಡ್ರ ನಗತಾರ.

ಪೆನ್ಶನ್ ಖಾತೆ ಬದಲಿ ಮಾಡಬೇಕಾಗಿಲ್ಲ. ನವೆಂಬರದಾಗ ಕೊಡೂ ಜೀವನ ಪ್ರಮಾಣ ಮಗನ ಮೊಬೈಲಿನ್ಯಾಗ ಮಾರಿ ತೋರಿಸಿ ಕೊಡಾಕ ಬರತೈತಿ. ಎಪ್ಪತ್ತು ದಾಟಿದವರಿಗೆ ವರ್ಷಕ್ಕ 5 ಲಕ್ಷ ರೂಪಾಯಿ ತನಕ ಆಸ್ಪತ್ರಿ ಖರ್ಚಿನ ಆಯುಷ್ಮಾನ್ ವಯ ವಂದನಾ ಕಾರ್ಡ್ ಐತಿ, 2024ರಿಂದ ಕೊಡಾಕತ್ತಾರ. ಆದಾಯ ಎಷ್ಟ ಇರಲಿ, ಸಿಗತೈತಿ. ಬರೂಕಿಂತ ಮೊದಲ ಮಾಡಸ್ರಿ. ನಿಮ್ಮ ಗುಳಿಗಿ ಹೆಸರು, ಹಳೇ ರಿಪೋರ್ಟು ಎಲ್ಲಾ ಒಂದು ಫೈಲಿನ್ಯಾಗ ಹಾಕ್ರಿ. ಠಾಣೆಗೆ ಬಂದ ಮ್ಯಾಲೆ ದೊಡ್ಡ ಆಸ್ಪತ್ರಿ ಬ್ಯಾರೆ ಮಾತು, ಓಣ್ಯಾಗ ಒಬ್ಬ ಡಾಕ್ಟರನ್ನ ಗುರುತು ಮಾಡಿಕೊಳ್ರಿ.

ನಿಮ್ಮ ಮಗನಿಗೊಂದು ಮಾತು, ಇದನ್ನ ಅವನಿಗೆ ಓದಿ ಹೇಳ್ರಿ: ತಾಯಿ ಕೈಯಾಗ ತಿಂಗಳಾ ಅವರದ ಅಂತ ಒಂದಿಷ್ಟು ರೊಕ್ಕಾ ಇರಲಿ, ಮನಿದೊಂದು ಕೀಲಿ ಇರಲಿ. ಮೊಮ್ಮಕ್ಕಳನ್ನ ನೋಡಿಕೊಳ್ಳಾಕ ಕರಿಯಾಕತ್ತಿದ್ರ ಅದನ್ನ ಬಾಯಿಬಿಟ್ಟು ಹೇಳಲಿ. ಅವರು ಒಲ್ಲೆ ಅನ್ನಂಗಿಲ್ಲ, ಆದ್ರ ಕೇಳಿ ಮಾಡಿಸೂದು ಬ್ಯಾರೆ, ಮಾಡತಾರ ಅಂತ ಹಿಡಿಯೂದು ಬ್ಯಾರೆ.

ಸಾಮಾನು ಜುಲೈನಲ್ಲಿ ಸಾಗಿಸಬಹುದೇ? – ಓದುಗರು, ತುಮಕೂರು

ಕೈಲಾದರೆ ಬೇಡ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಿತ್ತು. ಅಂಥದ್ದು ದಿನಾ ಆಗುವುದಿಲ್ಲ, ಆದರೆ ಹಿಂದ್‌ಮಾತಾ, ಸಾಯನ್, ಕುರ್ಲಾ, ಅಂಧೇರಿ ಸಬ್‌ವೇ ಕಡೆಗಳಲ್ಲಿ ನೀರು ನಿಲ್ಲುವುದಕ್ಕೆ ಅಷ್ಟು ಮಳೆ ಬೇಕಾಗಿಯೂ ಇಲ್ಲ. ಮೇ ಮುಗಿಯುವುದರೊಳಗೆ ತರಿಸಿ, ಇಲ್ಲವೇ ದಸರೆಯ ನಂತರ. ಪ್ಯಾಕರ್ಸ್‌ನವರಲ್ಲಿ ತೀರಾ ಕಡಿಮೆ ದರ ಹೇಳುವವರನ್ನು ಬಿಡಿ. ಅರ್ಧ ದಾರಿಯಲ್ಲಿ ಲಾರಿ ನಿಲ್ಲಿಸಿ ಹೆಚ್ಚಿಗೆ ಕೇಳುವವರು ಅವರೇ. ಮರದ ಕಪಾಟು, ಹತ್ತಿ ಹಾಸಿಗೆ ಊರಲ್ಲೇ ಬಿಟ್ಟರೆ ಒಳ್ಳೆಯದು. ಇಲ್ಲಿಯ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತವೆ, ಮೇಲಾಗಿ ಲಿಫ್ಟಿನಲ್ಲಿ ಹಿಡಿಸುವುದೂ ಇಲ್ಲ.

ಕೆಎ-63 ಕಾರು ತರಲೇ? – ಹುಬ್ಬಳ್ಳಿ

ನಿಲ್ಲಿಸಲು ಜಾಗ ಕರಾರಿನಲ್ಲಿ ಬರೆದಿದ್ದರೆ ತನ್ನಿ. 12 ತಿಂಗಳಿಗಿಂತ ಹೆಚ್ಚು ಇಲ್ಲೇ ಓಡಿಸುವುದಾದರೆ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಹುಬ್ಬಳ್ಳಿ ಆರ್‌ಟಿಒದಿಂದ ಎನ್‌ಒಸಿ (ತಕರಾರಿಲ್ಲವೆಂಬ ಪತ್ರ) ಬೇಕು, ಇಲ್ಲಿ ಮತ್ತೆ ರಸ್ತೆ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಭಾಗವನ್ನು ವಾಪಸು ಕೇಳಬಹುದು, ಆದರೆ ಕೈಗೆ ಬರುವವರೆಗೆ ತಾಳ್ಮೆ ಬೇಕು. ಎರಡೇ ವರ್ಷಕ್ಕೆ ಬರುವವರಾದರೆ ಕಾರು ಅಣ್ಣನಿಗೆ ಕೊಟ್ಟು ಲೋಕಲ್ ಪಾಸು ಮಾಡಿಸಿ.

ಗ್ಯಾಸ್ ಸಿಲಿಂಡರ್? – ಬೆಳಗಾವಿ

ಸಿಲಿಂಡರು, ರೆಗ್ಯುಲೇಟರು ಎರಡನ್ನೂ ನಿಮ್ಮ ಏಜೆನ್ಸಿಗೆ ಒಪ್ಪಿಸಿ ಟ್ರಾನ್ಸ್‌ಫರ್ ವೌಚರ್ ತೆಗೆದುಕೊಳ್ಳಿ, ಡಿಪಾಸಿಟ್ಟು ವಾಪಸು ಬರುತ್ತದೆ. ಇಲ್ಲಿಯ ಏಜೆನ್ಸಿಗೆ ವೌಚರ್ ತೋರಿಸಿ ಈಗಿನ ದರದ ಡಿಪಾಸಿಟ್ಟು ಕಟ್ಟಿದರೆ ಹೊಸದು ಸಿಗುತ್ತದೆ. ಹಿಡಿದ ಮನೆಗೆ ಮಹಾನಗರ್ ಗ್ಯಾಸಿನ ಪೈಪು ಇದ್ದರೆ ಅದೂ ಬೇಡ, ಒಲೆಯ ಬರ್ನರಿಗೆ ಗ್ಯಾಸ್ ಬಿಡುವ ಜೆಟ್ ಬದಲಿಸಬೇಕು ಅಷ್ಟೆ. ಸಿಲಿಂಡರನ್ನು ಸಾಮಾನಿನ ಲಾರಿಯಲ್ಲಿ ಮಾತ್ರ ಕಳಿಸಬೇಡಿ.